ಆರೋಗ್ಯ ವಿಮೆ: ಸರಕಾರದ ಹೊಣೆ ಎಲ್ಲಿಯವರೆಗೆ?



ಮನೆಯಲ್ಲಿ ಒಬ್ಬರು ಆಸ್ಪತ್ರೆ ಸೇರಿದರೆಂದರೆ ರೋಗ ಯಾವುದೆಂಬ ಪ್ರಶ್ನೆಯ ಬೆನ್ನಿಗೇ ಹಣ ಎಲ್ಲಿಂದ ತರುವುದೆಂಬ ಪ್ರಶ್ನೆಯೂ ಎದ್ದು ನಿಲ್ಲುತ್ತದೆ. ಮೊದಲು ಹೆಂಗಸರ ಮೈಮೇಲಿನ ಬಂಗಾರ ಅಡವಿಗೆ ಹೋಗುತ್ತದೆ, ಅನಂತರ ಜಮೀನಿನ ಪತ್ರ. ಅದೂ ಸಾಲದಾದಾಗ ಬಂಧುಗಳ ಮನೆ, ಸೊಸೈಟಿಯ ಸಾಲ, ಕೊನೆಗೆ ದೇವಾಲಯದ ಕಚೇರಿ. ನಮ್ಮ ಧರ್ಮಕೇಂದ್ರಗಳಲ್ಲಿ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರನ್ನು ಕೇಳಿ ನೋಡಿ. ಸಹಾಯ ಬೇಡಿ ಬರುವ ಪತ್ರಗಳಲ್ಲಿ ಆಸ್ಪತ್ರೆಯ ಬಿಲ್ಲು ಲಗತ್ತಿಸಿದವು ಎಷ್ಟೆಂಬುದನ್ನು ಅವರೇ ಹೇಳುತ್ತಾರೆ. ಆರೋಗ್ಯವೇ ಭಾಗ್ಯವೆಂಬ ಗಾದೆಯ ಇನ್ನೊಂದು ಮುಖವನ್ನು ಬಡವನು ಚೆನ್ನಾಗಿ ಬಲ್ಲ. ಅನಾರೋಗ್ಯವು ಅವನ ಭಾಗ್ಯವನ್ನೆಲ್ಲ ಒಂದೇ ವಾರದಲ್ಲಿ ನುಂಗಬಲ್ಲುದು.

ಆದುದರಿಂದಲೇ ಆರೋಗ್ಯ ವಿಮೆಯಲ್ಲಿ ಸರಕಾರ ಕೈಹಾಕಬೇಕೇ, ಹಾಕುವುದಾದರೆ ಎಷ್ಟರಮಟ್ಟಿಗೆ ಎಂಬ ಚರ್ಚೆ ಕೇವಲ ಅರ್ಥಶಾಸ್ತ್ರಜ್ಞರ ಚರ್ಚೆಯಾಗಿ ಉಳಿಯಬಾರದು. ಎರಡು ಪಕ್ಷಗಳ ವಾದವೂ ನಮಗೆ ಪರಿಚಿತವೇ. ಪ್ರಜೆಗಳ ಜೀವರಕ್ಷಣೆ ಸರಕಾರದ ಧರ್ಮ, ಎಲ್ಲರ ವಿಮೆಯ ಭಾರವನ್ನು ಅದೇ ಹೊರಬೇಕು ಎನ್ನುತ್ತದೆ ಒಂದು ಪಕ್ಷ. ಸರಕಾರದ ಕೈ ಸೋಕಿದಲ್ಲಿ ವಿಳಂಬ, ಲಂಚ, ಕಡತಗಳ ರಾಶಿ ತಪ್ಪದು, ಪ್ರತಿಯೊಬ್ಬನೂ ತನ್ನ ಆರೋಗ್ಯಕ್ಕೆ ತಾನೇ ಹೊಣೆಯಾಗಲಿ ಎನ್ನುತ್ತದೆ ಇನ್ನೊಂದು. ಎರಡರಲ್ಲೂ ಸತ್ಯಾಂಶವಿದೆ. ಆದರೆ ತೀರ್ಮಾನಕ್ಕೆ ಬರುವ ಮುನ್ನ ವಿಮೆಯೆಂದರೇನು ಎಂಬುದನ್ನು ತಿಳಿಯುವುದು ಉಚಿತ.

ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎನ್ನುತ್ತಾರೆ ನಮ್ಮ ಹಿರಿಯರು. ವಿಮೆಯ ತಿರುಳು ಇದೇ. ಈ ವರ್ಷ ಯಾರು ಬೀಳುವರೆಂದು ಯಾರಿಗೂ ತಿಳಿಯದಿರುವುದರಿಂದ ಎಲ್ಲರೂ ಸ್ವಲ್ಪ ಸ್ವಲ್ಪ ಸೇರಿಸಿ, ಬಿದ್ದವನನ್ನು ಎತ್ತುತ್ತಾರೆ. ಆದರೆ ಇದನ್ನು ಮಾರುಕಟ್ಟೆಗೆ ಮಾತ್ರ ಬಿಟ್ಟಾಗ ಒಂದು ತೊಡಕು ಹುಟ್ಟುತ್ತದೆ. ಆರೋಗ್ಯವಂತ ಯುವಕನು ತನಗೇಕೆ ವಿಮೆ ಎಂದು ಹೊರಗುಳಿಯುತ್ತಾನೆ. ರೋಗಿಯೂ ವೃದ್ಧನೂ ಒಳಬರಲು ಹಾತೊರೆಯುತ್ತಾರೆ. ಲಾಭವನ್ನೇ ನಂಬಿದ ಕಂಪೆನಿಯು ಸಹಜವಾಗಿಯೇ ಆರೋಗ್ಯವಂತನನ್ನು ಕರೆದು ರೋಗಿಯನ್ನು ಬಾಗಿಲಲ್ಲೇ ತಡೆಯಲು ನೋಡುತ್ತದೆ. ಹೀಗೆ ಯಾರಿಗೆ ಆಸರೆ ಹೆಚ್ಚು ಬೇಕೋ ಅವರಿಗೇ ಅದು ದುಬಾರಿಯಾಗುತ್ತದೆ. ಇದು ಯಾವುದೇ ಒಂದು ಕಂಪೆನಿಯ ದುಷ್ಟತನದಿಂದ ಆಗುವುದಲ್ಲ. ಆ ವ್ಯವಹಾರದ ಸ್ವಭಾವವೇ ಹಾಗೆ. ಸ್ವಭಾವದ ಈ ದೋಷವನ್ನು ತಿದ್ದಲು ಮಾರುಕಟ್ಟೆಯ ಹೊರಗಿನ ಒಂದು ಶಕ್ತಿ ಬೇಕಾಗುತ್ತದೆ.

ಜರ್ಮನಿಯ ಬಿಸ್ಮಾರ್ಕನು ಸಮಾಜವಾದಿಯಾಗಿರಲಿಲ್ಲ; ಸಮಾಜವಾದಿಗಳ ಕಡು ವಿರೋಧಿಯಾಗಿದ್ದನು. ಆದರೂ 1883ರಲ್ಲಿ ಕಾರ್ಮಿಕರ ಅನಾರೋಗ್ಯ ವಿಮೆಯನ್ನು ಕಾನೂನಿನಿಂದ ಕಡ್ಡಾಯಗೊಳಿಸಿದವನು ಅವನೇ. ಬ್ರಿಟನ್ನು ಎರಡನೆಯ ಮಹಾಯುದ್ಧದ ಬಳಿಕ, 1948ರ ಜುಲೈ 5ರಂದು, ಇನ್ನೂ ಮುಂದೆ ಹೋಗಿ ಚಿಕಿತ್ಸೆಯ ವೆಚ್ಚವನ್ನೇ ತೆರಿಗೆಯಿಂದ ಭರಿಸತೊಡಗಿತು. ವ್ಯಕ್ತಿ ಸ್ವಾತಂತ್ರ್ಯದ ನೆಲೆವೀಡೆನಿಸಿದ ಅಮೆರಿಕವೂ 1965ರಲ್ಲಿ ವೃದ್ಧರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ಯೋಜನೆಗಳನ್ನು ತಂದಿತು. 2010ರಲ್ಲಿ ಅಲ್ಲಿ ವಿಮೆಯ ವ್ಯಾಪ್ತಿಯನ್ನು ವಿಸ್ತರಿಸುವ ಕಾನೂನು ಬಂದಾಗ ಕಥೋಲಿಕರಲ್ಲೇ ಭಿನ್ನಾಭಿಪ್ರಾಯ ಮೂಡಿತು. ಎಲ್ಲರಿಗೂ ಚಿಕಿತ್ಸೆ ದೊರೆಯಬೇಕೆಂದು ಬಹುಕಾಲದಿಂದ ವಾದಿಸುತ್ತಿದ್ದ ಧರ್ಮಾಧ್ಯಕ್ಷರು ಗರ್ಭಪಾತಕ್ಕೆ ಸರಕಾರದ ಹಣ ಸಲ್ಲಬಹುದೆಂಬ ಕಾರಣದಿಂದ ಅದನ್ನು ವಿರೋಧಿಸಿದರು. ಕಥೋಲಿಕ ಆಸ್ಪತ್ರೆಗಳ ಸಂಘವು ಅದನ್ನು ಬೆಂಬಲಿಸಿತು. ಗುರಿಯಲ್ಲಿ ಒಂದಾದವರೂ ಮಾರ್ಗದಲ್ಲಿ ಬೇರೆಯಾಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ನಮ್ಮ ದೇಶದ ಕಥೆಯೂ ಹೊಸತಲ್ಲ. ಹಣ ತೆರಲಾರದ ಕಾರಣಕ್ಕೆ ಯಾರೂ ಚಿಕಿತ್ಸೆಯಿಂದ ವಂಚಿತರಾಗಬಾರದೆಂಬ ತತ್ತ್ವವನ್ನು ಸ್ವಾತಂತ್ರ್ಯಕ್ಕೂ ಮೊದಲೇ, 1946ರಲ್ಲಿ, ಭೋರ್ ಸಮಿತಿಯು ತನ್ನ ವರದಿಯಲ್ಲಿ ಎತ್ತಿಹಿಡಿದಿತ್ತು. 1948ರಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯಿದೆ, ಅಂದರೆ ನಾವು ಇಎಸ್‌ಐ ಎಂದು ಕರೆಯುವ ವ್ಯವಸ್ಥೆ ಬಂತು. ಮಾಲಿಕನೂ ಕಾರ್ಮಿಕನೂ ಪಾಲು ಹಾಕುವ ಈ ಯೋಜನೆಯನ್ನು 1952ರ ಫೆಬ್ರವರಿಯಲ್ಲಿ ಪ್ರಧಾನಿ ನೆಹರೂರವರು ಕಾನ್ಪುರದಲ್ಲಿ ಉದ್ಘಾಟಿಸಿದರು. ಆದರೆ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ರೈತ, ಕೂಲಿಯಾಳು, ಮೀನುಗಾರ ಇವರಿಗೆ ಅದರಲ್ಲಿ ಸ್ಥಾನವಿರಲಿಲ್ಲ. ಅವರ ಸರದಿ ಬರಲು ಅರ್ಧ ಶತಮಾನವೇ ಬೇಕಾಯಿತು.

ಆ ಸರದಿ ಬಂದಾಗ ಕರ್ನಾಟಕವು ದೇಶಕ್ಕೇ ದಾರಿ ತೋರಿತೆಂಬುದು ನಮ್ಮ ಹೆಮ್ಮೆ. ಡಾ. ದೇವಿ ಶೆಟ್ಟಿಯವರ ಪ್ರೇರಣೆಯಿಂದ ರೂಪುಗೊಂಡು 2003ರಲ್ಲಿ ಕಾರ್ಯರೂಪಕ್ಕೆ ಬಂದ ಯಶಸ್ವಿನಿ ಯೋಜನೆಯಲ್ಲಿ ಸಹಕಾರ ಸಂಘದ ಸದಸ್ಯನಾದ ರೈತನು ಆರಂಭದಲ್ಲಿ ತಿಂಗಳಿಗೆ ಐದು ರೂಪಾಯಿಯ ಲೆಕ್ಕದಲ್ಲಿ ವರ್ಷಕ್ಕೆ 60 ರೂಪಾಯಿ ಕಟ್ಟುತ್ತಿದ್ದನು. ಸರಕಾರವೂ ತನ್ನ ಪಾಲು ಸೇರಿಸಿತು. ಅಷ್ಟರಿಂದಲೇ ಹೃದಯದ ಶಸ್ತ್ರಚಿಕಿತ್ಸೆಯಂತಹ ದುಬಾರಿ ಚಿಕಿತ್ಸೆಯ ಬಾಗಿಲು ಹಳ್ಳಿಗನಿಗೆ ತೆರೆಯಿತು. 2010ರಲ್ಲಿ ಗುಲ್ಬರ್ಗಾ ವಿಭಾಗದಲ್ಲಿ ಆರಂಭವಾದ ವಾಜಪೇಯಿ ಆರೋಗ್ಯಶ್ರೀ ಯೋಜನೆಯು ಬಡತನ ರೇಖೆಯ ಕೆಳಗಿನವರಿಂದ ಏನನ್ನೂ ಪಡೆಯದೆ ಕ್ಯಾನ್ಸರ್, ಹೃದ್ರೋಗಗಳಂತಹ ದೊಡ್ಡ ರೋಗಗಳ ವೆಚ್ಚವನ್ನು ಹೊತ್ತಿತು. ಇಲ್ಲಿ ವಿಮಾ ಕಂಪೆನಿಯ ಮಧ್ಯಸ್ಥಿಕೆ ಇರಲಿಲ್ಲ. ಸರಕಾರದ ಟ್ರಸ್ಟೇ ಆಸ್ಪತ್ರೆಗಳಿಗೆ ನೇರವಾಗಿ ಹಣ ಪಾವತಿಸುತ್ತಿತ್ತು. ಯೋಜನೆ ಜಾರಿಯಲ್ಲಿದ್ದ ಪ್ರದೇಶದ ಗಡಿಯ ಈಚೆಗಿನ ಹಾಗೂ ಆಚೆಗಿನ ಗ್ರಾಮಗಳನ್ನು ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಗೆ ಒಳಪಟ್ಟ ರೋಗಗಳಿಂದಾದ ಮರಣಗಳು ಯೋಜನೆಯಿದ್ದ ಕಡೆಯ ಬಡ ಕುಟುಂಬಗಳಲ್ಲಿ ಶೇ. 64ರಷ್ಟು ಕಡಿಮೆಯಿದ್ದವು. ಸರಕಾರ ಕೈಹಾಕಿದಲ್ಲೆಲ್ಲ ಕೆಡುಕೇ ಎಂದು ವಾದಿಸುವವರು ಈ ಅಂಕಿಯ ಮುಂದೆ ಒಂದು ಕ್ಷಣವಾದರೂ ನಿಲ್ಲಬೇಕು.

2018ರಲ್ಲಿ ರಾಜ್ಯದ ಹಲವು ಯೋಜನೆಗಳು ಆರೋಗ್ಯ ಕರ್ನಾಟಕದಲ್ಲಿ ವಿಲೀನಗೊಂಡವು. ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತ ಯೋಜನೆಯೊಡನೆ ಅದು ಬೆಸೆದುಕೊಂಡಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ರಕ್ಷಣೆ, ಉಳಿದವರಿಗೆ ನಿಗದಿತ ದರದ ಶೇ. 30ರಷ್ಟು ನೆರವು ಎಂಬುದು ಇದರ ಸಾರಾಂಶ. ಆಗ ಯಶಸ್ವಿನಿಯೂ ಇದರೊಳಗೆ ಕರಗಿಹೋಯಿತು. ಆದರೆ ಸಹಕಾರಿಗಳು ಅದನ್ನು ಮರೆಯಲಿಲ್ಲ. 2022ರಲ್ಲಿ ಸರಕಾರ ಅದನ್ನು ಪುನಃ ಆರಂಭಿಸಿತು.

ಈ ಒಂದು ಘಟನೆಯಲ್ಲಿ ದೊಡ್ಡ ತತ್ತ್ವವೊಂದು ಅಡಗಿದೆ. 1931ರ ತಮ್ಮ ಪರಿಪತ್ರದಲ್ಲಿ ಜಗದ್ಗುರು ಹನ್ನೊಂದನೆಯ ಪಿಯುಸ್‌ರವರು ವಿವರಿಸಿದ ಪೂರಕತೆಯ ತತ್ತ್ವವೇ ಅದು. ಕುಟುಂಬ, ಊರು, ಸಂಘ ತಾವಾಗಿ ಮಾಡಬಲ್ಲ ಕಾರ್ಯವನ್ನು ಮೇಲಿನ ಅಧಿಕಾರ ಕಸಿದುಕೊಳ್ಳಕೂಡದು. ಅವುಗಳ ಶಕ್ತಿಗೆ ಮೀರಿದ ಭಾರವಿದ್ದಲ್ಲಿ ಮೇಲಿನ ಅಧಿಕಾರ ಹೆಗಲು ಕೊಡಲೇಬೇಕು. ಈ ತತ್ತ್ವದ ಮೊದಲರ್ಧವನ್ನು ಮಾತ್ರ ಹಿಡಿದವರು ಸರಕಾರ ದೂರವಿರಲಿ ಎನ್ನುತ್ತಾರೆ. ಎರಡನೆಯದನ್ನು ಮಾತ್ರ ಹಿಡಿದವರು ಎಲ್ಲವನ್ನೂ ಸರಕಾರವೇ ಮಾಡಲಿ ಎನ್ನುತ್ತಾರೆ. ಎರಡೂ ಸೇರಿದರೆ ಮಾತ್ರ ತತ್ತ್ವ ಪೂರ್ಣ. ಹಳ್ಳಿಯ ಸಹಕಾರ ಸಂಘ ಸದಸ್ಯರನ್ನು ಒಟ್ಟುಗೂಡಿಸಬಲ್ಲದು, ವಂತಿಗೆ ಎತ್ತಬಲ್ಲದು. ಆದರೆ ಹೃದಯ ಶಸ್ತ್ರಚಿಕಿತ್ಸೆಯ ಪೂರ್ಣ ವೆಚ್ಚ ಅದರ ಶಕ್ತಿಗೆ ಮೀರಿದ್ದು. ಯಶಸ್ವಿನಿಯಲ್ಲಿ ಎರಡೂ ಕೈಗಳು ಕೂಡಿದ್ದವು. ವೈದ್ಯಕೀಯ ಆರೈಕೆಯನ್ನು ಮನುಷ್ಯನ ಹಕ್ಕುಗಳ ಸಾಲಿನಲ್ಲಿ ಎಣಿಸಿದ ಜಗದ್ಗುರು ಇಪ್ಪತ್ತಮೂರನೆಯ ಜಾನ್‌ರವರ 1963ರ ಪರಿಪತ್ರವೂ ಇದೇ ದಿಕ್ಕನ್ನು ತೋರುತ್ತದೆ. ದಾನವು ಕೊಡುವವನ ಔದಾರ್ಯ. ನ್ಯಾಯವು ಪಡೆಯುವವನ ಹಕ್ಕು. ಬಡವನ ಚಿಕಿತ್ಸೆ ಎಂದೆಂದಿಗೂ ಔದಾರ್ಯದ ಮೇಲೆಯೇ ನಿಂತಿರಬೇಕಾದರೆ ಸಮಾಜದಲ್ಲಿ ನ್ಯಾಯವಿದೆಯೆಂದು ಹೇಳಲಾಗದು.

ಹಾಗೆಂದು ಎದುರು ಪಕ್ಷದ ಆಕ್ಷೇಪಗಳನ್ನು ತಳ್ಳಿಹಾಕುವಂತಿಲ್ಲ. ಆಯುಷ್ಮಾನ್ ಯೋಜನೆಯನ್ನು ಪರಿಶೀಲಿಸಿದ ಮಹಾಲೇಖಪಾಲರು 2023ರ ವರದಿಯಲ್ಲಿ ಹೇಳಿದುದನ್ನು ನೋಡಿ. ಸುಮಾರು ಏಳೂವರೆ ಲಕ್ಷ ಫಲಾನುಭವಿಗಳ ಹೆಸರುಗಳು ಒಂಬತ್ತು ಎಂಬ ಅಂಕೆಯೊಂದನ್ನೇ ಹತ್ತು ಬಾರಿ ಬರೆದ ಒಂದೇ ಮೊಬೈಲ್ ಸಂಖ್ಯೆಗೆ ಜೋಡಣೆಯಾಗಿದ್ದವು! ಸಾರ್ವಜನಿಕರ ಹಣದ ಬಗ್ಗೆ ಇಂತಹ ಅಲಕ್ಷ್ಯವಿದ್ದಲ್ಲಿ ಮೋಸಕ್ಕೆ ಬೇರೆ ಆಹ್ವಾನ ಬೇಕೇ? ಇನ್ನೊಂದೆಡೆ, ಆಸ್ಪತ್ರೆಗಳ ಅಳಲೂ ಇದೆ. ನಿಗದಿಯಾದ ದರವು ವಾಸ್ತವ ವೆಚ್ಚಕ್ಕಿಂತ ಕಡಿಮೆಯಾದರೆ, ಕೊಡಬೇಕಾದ ಹಣ ತಿಂಗಳುಗಟ್ಟಲೆ ತಡವಾದರೆ, ದೊಡ್ಡ ಆಸ್ಪತ್ರೆ ಹೇಗೋ ತಡೆದುಕೊಳ್ಳುತ್ತದೆ. ಧರ್ಮಭಗಿನಿಯರು ನಡೆಸುವ ಹಳ್ಳಿಯ ಐವತ್ತು ಹಾಸಿಗೆಯ ಆಸ್ಪತ್ರೆ ದಾದಿಯರಿಗೆ ಸಂಬಳ ಕೊಡಲಾರದೆ ತತ್ತರಿಸುತ್ತದೆ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಆಗಸ್ಟಸ್ ಮುಲ್ಲರ್‌ರವರು ಬಡವರಿಗಾಗಿ ಔಷಧಾಲಯ ತೆರೆದಾಗ ಯಾವ ವಿಮೆಯೂ ಇರಲಿಲ್ಲ. ಆದರೆ ಇಂದಿನ ಯಂತ್ರೋಪಕರಣ, ಔಷಧ, ವೇತನಗಳ ಭಾರವನ್ನು ಸೇವಾಭಾವವೊಂದೇ ಹೊರಲಾರದು. ಸರಕಾರವು ಸೇವೆ ಮಾಡೆಂದು ಹೇಳಿ ಹಣ ತಡೆಹಿಡಿದರೆ ಅದು ಬಡವನ ಆಸ್ಪತ್ರೆಯನ್ನೇ ಮುಚ್ಚಿಸಿದಂತೆ.

ಇಷ್ಟಾದರೂ ಈ ಚರ್ಚೆಯಲ್ಲಿ ಅತ್ಯಂತ ಕಡಿಮೆ ಕೇಳಿಬರುವ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ವಿಮೆಯ ಕಾರ್ಡು ಮತ್ತು ಚಿಕಿತ್ಸೆ ಎರಡೂ ಒಂದೇ ಅಲ್ಲ. ಆಯುಷ್ಮಾನ್ ಯೋಜನೆಯು ಆಸ್ಪತ್ರೆಗೆ ದಾಖಲಾದವನ ವೆಚ್ಚವನ್ನು ಕೊಡುತ್ತದೆ. ದಾಖಲಾಗುವ ಮುಂಚಿನ ಮೂರು ದಿನ ಹಾಗೂ ಬಿಡುಗಡೆಯಾದ ಬಳಿಕ ಹದಿನೈದು ದಿನಗಳ ಖರ್ಚನ್ನೂ ಸೇರಿಸುತ್ತದೆ. ಹದಿನಾರನೆಯ ದಿನದ ಮಾತ್ರೆಯನ್ನು ಯಾರು ಕೊಳ್ಳಬೇಕು? ಸಕ್ಕರೆ ಕಾಯಿಲೆಗೆ, ರಕ್ತದೊತ್ತಡಕ್ಕೆ ಜೀವಮಾನವಿಡೀ ತಿಂಗಳು ತಿಂಗಳು ಔಷಧ ಕೊಳ್ಳುವವನು ಒಂದು ದಿನವೂ ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗುವುದಿಲ್ಲ. ಆದರೂ ಅವನ ಜೇಬು ಬರಿದಾಗುತ್ತಲೇ ಇರುತ್ತದೆ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ನೇರವಾಗಿ ತಮ್ಮ ಕೈಯಿಂದ ತೆರುವ ಪಾಲು 2013-14ರಲ್ಲಿ ಶೇ. 64.2 ಇದ್ದುದು 2021-22ರಲ್ಲಿ ಶೇ. 39.4ಕ್ಕೆ ಇಳಿದಿದೆಯೆಂದು ಸರಕಾರದ ಲೆಕ್ಕ ಹೇಳುತ್ತದೆ. ಇದು ಸಂತೋಷದ ಸಂಗತಿಯೇ. ಆದರೂ ನೂರರಲ್ಲಿ ಸುಮಾರು ನಲವತ್ತು ರೂಪಾಯಿ ಇನ್ನೂ ಜನರ ಜೇಬಿನಿಂದಲೇ ಹೋಗುತ್ತಿತ್ತೆಂಬುದನ್ನು ಮರೆಯಬಾರದು.

ಮಾತ್ರೆ ದುಬಾರಿಯೆಂದು ಅರ್ಧಕ್ಕೆ ಬಿಟ್ಟವನಿಗೆ ಮುಂದೆ ಮೂತ್ರಪಿಂಡ ಕೆಡುತ್ತದೆ. ಆಗ ಯೋಜನೆಯು ಓಡೋಡಿ ಬಂದು ಸಾವಿರಾರು ರೂಪಾಯಿ ಸುರಿಯುತ್ತದೆ. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಲ್ಲವೇ ಇದು? ಕೋಟೆಯ ಬಾಗಿಲು ಇರುವುದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ. ಅಲ್ಲಿ ವೈದ್ಯರಿದ್ದು, ಔಷಧವಿದ್ದು, ರಕ್ತಪರೀಕ್ಷೆಯ ವ್ಯವಸ್ಥೆಯಿದ್ದರೆ ದೊಡ್ಡ ರೋಗಗಳಲ್ಲಿ ಎಷ್ಟೋ ಚಿಕ್ಕವಾಗಿದ್ದಾಗಲೇ ಅಡಗುತ್ತವೆ. 2017ರ ರಾಷ್ಟ್ರೀಯ ಆರೋಗ್ಯ ನೀತಿಯು ಸರಕಾರದ ಆರೋಗ್ಯ ವೆಚ್ಚವನ್ನು 2025ರೊಳಗೆ ಒಟ್ಟು ದೇಶೀಯ ಉತ್ಪನ್ನದ ಶೇ. 2.5ಕ್ಕೆ ಏರಿಸುವ ಗುರಿ ಇಟ್ಟುಕೊಂಡಿತ್ತು. 2021-22ರಲ್ಲಿ ಅದು ಶೇ. 1.84 ಮಾತ್ರ. ಇರುವ ಅಲ್ಪ ಹಣದಲ್ಲಿ ಕಾರ್ಡಿಗೆ ಕೊಟ್ಟು ಆಸ್ಪತ್ರೆಗೆ ಕೊಡದಿದ್ದರೆ, ಜನರ ಕೈಗೆ ಚೀಟಿ ನೀಡಿ ಅಂಗಡಿಯನ್ನು ಖಾಲಿ ಬಿಟ್ಟಂತಾಗುತ್ತದೆ.

ಹಾಗಾದರೆ ನಮ್ಮ ನಿಲುವು ಏನಿರಬೇಕು? ಸರಕಾರ ಆರೋಗ್ಯ ವಿಮೆಯಲ್ಲಿ ಇರಲೇಬೇಕು. ಬಡವನ ಕಂತನ್ನು ಅದೇ ಕಟ್ಟಬೇಕು. ಕಂಪೆನಿಗಳ ಆಟಕ್ಕೆ ನಿಯಮ ವಿಧಿಸಬೇಕು. ವಿಮೆ ಕೊಳ್ಳುವ ಮೊದಲೇ ಇದ್ದ ಕಾಯಿಲೆಗಳಿಗಾಗಿ ಕಾಯಬೇಕಾದ ಗರಿಷ್ಠ ಅವಧಿಯನ್ನು ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ನಾಲ್ಕು ವರ್ಷಗಳಿಂದ ಮೂರಕ್ಕೆ ಇಳಿಸಿದ್ದು, 2025ರ ಸೆಪ್ಟೆಂಬರಿನಲ್ಲಿ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ. 18ರ ಜಿಎಸ್‌ಟಿ ರದ್ದಾದದ್ದು ಸರಿಯಾದ ಹೆಜ್ಜೆಗಳೇ. ಆಸ್ಪತ್ರೆಗಳಿಗೆ ನ್ಯಾಯವಾದ ದರವೂ ಸಕಾಲದ ಪಾವತಿಯೂ ಸಲ್ಲಬೇಕು. ಅಂತೆಯೇ ಸುಳ್ಳು ಬಿಲ್ಲು ಬರೆದವರಿಗೆ ಶಿಕ್ಷೆಯೂ ಆಗಬೇಕು. ಎಲ್ಲಕ್ಕಿಂತ ಮೇಲಾಗಿ, ವಿಮೆಯು ಸರಕಾರಿ ಆಸ್ಪತ್ರೆಯ ಸ್ಥಾನವನ್ನು ಕಬಳಿಸಕೂಡದು. ತುರ್ತು ಚಿಕಿತ್ಸೆ ನಿರಾಕರಿಸುವುದು ಜೀವಿಸುವ ಹಕ್ಕಿನ ಉಲ್ಲಂಘನೆಯೆಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಪಶ್ಚಿಮ ಬಂಗಾಳದ ಪ್ರಕರಣದಲ್ಲಿ ತೀರ್ಪಿತ್ತಾಗ ಅದು ನೋಡಿದ್ದು ಸರಕಾರಿ ಆಸ್ಪತ್ರೆಗಳ ಬಾಗಿಲನ್ನು. ಹಣದ ಅಭಾವವನ್ನು ಮುಂದೊಡ್ಡಿ ಸರಕಾರ ಈ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲವೆಂದೂ ಅದು ಸ್ಪಷ್ಟಪಡಿಸಿತು.

ನಮಗೂ ಕರ್ತವ್ಯವಿದೆ. ಕಾರ್ಡು ಮಾಡಿಸುವ ಬಗೆ ತಿಳಿಯದ ವೃದ್ಧರು, ಒಂಟಿ ಹೆಂಗಸರು ನಮ್ಮ ವಾರ್ಡುಗಳಲ್ಲಿ ಎಷ್ಟು ಮಂದಿ ಇದ್ದಾರೆಂದು ನಮ್ಮ ಯುವಕರು ಲೆಕ್ಕ ಹಾಕಲಿ. ನಮ್ಮ ರಾಜ್ಯದ ಯೋಜನೆಯಲ್ಲಿ ತುರ್ತು ಸಂದರ್ಭಗಳನ್ನು ಬಿಟ್ಟರೆ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಿ ಶಿಫಾರಸು ಪತ್ರ ಪಡೆಯಬೇಕೆಂಬ ನಿಯಮ ತಿಳಿಯದೆ, ನೇರವಾಗಿ ಖಾಸಗಿ ಆಸ್ಪತ್ರೆ ಸೇರಿ ಸಾಲಕ್ಕೆ ಬೀಳುವ ಕುಟುಂಬಗಳಿವೆ. ಸಹಕಾರ ಸಂಘದ ಸದಸ್ಯರು ಯಶಸ್ವಿನಿಯ ನೋಂದಣಿಯನ್ನು ಅವಧಿ ಮೀರದಂತೆ ಮಾಡಿಸಿಕೊಳ್ಳಲಿ. ಚುನಾವಣೆಯಲ್ಲಿ ಮತ ಕೇಳಲು ಬರುವವರನ್ನು ಕಾರ್ಡು ಎಷ್ಟು ಲಕ್ಷದ್ದೆಂದು ಮಾತ್ರ ಕೇಳದೆ, ಊರಿನ ಆರೋಗ್ಯ ಕೇಂದ್ರದಲ್ಲಿ ರಾತ್ರಿ ವೈದ್ಯರಿರುತ್ತಾರೆಯೇ, ಸಕ್ಕರೆ ಕಾಯಿಲೆಯ ಮಾತ್ರೆ ತಿಂಗಳ ಕೊನೆಯವರೆಗೆ ಸಿಗುತ್ತದೆಯೇ ಎಂದೂ ಕೇಳೋಣ. ಸರಕಾರದ ಹೊಣೆ ಎಲ್ಲಿಯವರೆಗೆ ಎಂಬ ಪ್ರಶ್ನೆಗೆ ಉತ್ತರ ಅಲ್ಲಿದೆ. ಬಡವನೊಬ್ಬ ಬಂಗಾರ ಅಡವಿಡದೆ ವೈದ್ಯನ ಮುಂದೆ ಕುಳಿತುಕೊಳ್ಳಬಲ್ಲ ದಿನದವರೆಗೆ.