ಸೌರಫಲಕಕ್ಕೆ ಮೊದಲು ಮೀಟರಿನ ಹೆಸರು

ಕಡೂರು, ತರೀಕೆರೆ, ಅಜ್ಜಂಪುರದ ಹಳ್ಳಿಗಳಲ್ಲಿ ಬಿಸಿಲಿಗೆ ಬರವಿಲ್ಲ, ಕಾಗದಪತ್ರಕ್ಕೇ ಬರ. 2024ರ ಫೆಬ್ರವರಿಯಲ್ಲಿ ಆರಂಭವಾಗಿ 2026–27ರವರೆಗೆಂದು ಗೊತ್ತುಪಡಿಸಿದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ, ಮನೆಯ ಚಾವಣಿಯ ಸೌರಫಲಕಕ್ಕೆ 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ಅಥವಾ ಹೆಚ್ಚಿನದಕ್ಕೆ 78,000 ರೂಪಾಯಿ ಸಹಾಯಧನವಿದೆ. ಇದು ಮುಂಗಡವಲ್ಲ, ಫಲಕ ಕೂಡಿಸಿ, ಮೆಸ್ಕಾಂ ಪರಿಶೀಲಿಸಿದ ಮೇಲೆ ಬ್ಯಾಂಕ್ ಖಾತೆಗೆ ಬರತಕ್ಕದ್ದು.

ಆದರೆ ಹಲವು ಮನೆಗಳ ಮೀಟರು ಇಂದಿಗೂ ತೀರಿಹೋದ ತಂದೆಯ, ಅಜ್ಜನ ಹೆಸರಿನಲ್ಲಿದೆ. ಅರ್ಜಿ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ರೈತ ಬಾಂಧವರು ಮೊದಲು ಹೆಸರು ಬದಲಾಯಿಸಿಕೊಳ್ಳುವುದು ಒಳ್ಳೆಯದು. ಗೃಹಜ್ಯೋತಿಯಿಂದ ಬಿಲ್ಲು ಸೊನ್ನೆಯಾಗಿರುವವರು ಆತುರಪಡಬೇಕಾಗಿಲ್ಲ. ಲಾಭವಿರುವುದು ಹೆಚ್ಚು ಬಳಸುವವರಿಗೆ.

ಮೆಸ್ಕಾಂ ಊರೂರಿಗೆ ಬಂದು ಹೆಸರು ವರ್ಗಾವಣೆ ಶಿಬಿರ ನಡೆಸಲಿ. ಸಹಾಯಧನ ಘೋಷಿಸಿದರೆ ಸಾಲದು, ಅದು ಮನೆಬಾಗಿಲು ಸೇರಬೇಕು.