ಟ್ರೇಲರಿನಲ್ಲಿ ಹುಲಿ ಹಾರಬಾರದು


ಶಾಲಾ ವಾರ್ಷಿಕೋತ್ಸವಕ್ಕಾಗಿ ನಮ್ಮ ಏಳನೇ ತರಗತಿಯವರು ಮೇಷ್ಟ್ರ ಮೊಬೈಲಿನಲ್ಲಿ ‘ಗೋವಿನ ಹಾಡು’ ಕಥೆಯನ್ನು ಚಿಕ್ಕ ಸಿನಿಮಾ ಮಾಡುತ್ತಿರುವುದು ನಿಮಗೆಲ್ಲ ಗೊತ್ತೇ ಇದೆ. ಒಂದು ವಾರ ಮುಂಚೆ ಅದರ ಟ್ರೇಲರ್ ತೋರಿಸಬೇಕೆಂದು ತೀರ್ಮಾನವಾಗಿದೆ. ಹುಲಿ ಹಾರಿ ಪ್ರಾಣ ಬಿಡುವ ದೃಶ್ಯ ಅದರಲ್ಲಿ ಇರಲೇಬೇಕು ಅಂತ ಹುಡುಗರ ಹಟ. ಇರಬಾರದು ಎಂಬುದು ನನ್ನ ಅಭಿಪ್ರಾಯ.

ಟ್ರೇಲರ್ ಅಂದ ಕೂಡಲೆ ನಮ್ಮೂರಲ್ಲಿ ನೆನಪಾಗುವುದು ಟ್ರ್ಯಾಕ್ಟರ್ ಹಿಂದಿನದ್ದು. ಅದೂ ಸರಿಯೇ! ಎರಡೂ ಒಂದೇ ಪದ, ಹಿಂದೆ ಬರುವಂಥದ್ದು ಎಂದರ್ಥ. ಅಮೆರಿಕದಲ್ಲಿ ಮೊದಮೊದಲು ಇದನ್ನು ಸಿನಿಮಾ ಮುಗಿದ ಮೇಲೆ ತೋರಿಸುತ್ತಿದ್ದರಂತೆ. ಸಿನಿಮಾ ಮುಗಿದ ಮೇಲೆ ಯಾರು ಕೂತಿರ್ತಾರೆ? ಆದ್ದರಿಂದ ಮುಂದಕ್ಕೆ ತಂದರು. ಹೆಸರು ಮಾತ್ರ ಹಾಗೇ ಉಳಿಯಿತು.

1960ರಲ್ಲಿ ಹಿಚ್‌ಕಾಕ್ ಎಂಬ ನಿರ್ದೇಶಕರು ‘ಸೈಕೋ’ ಎಂಬ ಚಿತ್ರ ಮಾಡಿದರು. ಅದು ದೊಡ್ಡವರ ಚಿತ್ರ, ಅದರ ಟ್ರೇಲರ್ ಬಗ್ಗೆ ಮೇಷ್ಟ್ರು ಹೇಳಿದರು. ಸುಮಾರು ಆರು ನಿಮಿಷದ ಆ ಟ್ರೇಲರಿನಲ್ಲಿ ನಿರ್ದೇಶಕರೇ ಕಥೆ ನಡೆಯುವ ಮನೆಯೊಳಗೆ ಓಡಾಡುತ್ತಾರೆ. ಇಲ್ಲಿ ಹೀಗಾಯಿತು ಅಂತ ಶುರು ಮಾಡಿ ಅರ್ಧಕ್ಕೇ ಮಾತು ನಿಲ್ಲಿಸುತ್ತಾರೆ. ಇದನ್ನು ಕೇಳಿದಾಗ ನನಗೆ ಉಪಾಯ ಹೊಳೆಯಿತು.

ಹುಡುಗರು ಕೇಳುತ್ತಾರೆ, “ಪುಣ್ಯಕೋಟಿ ಕಥೆ ಎಲ್ಲರಿಗೂ ಗೊತ್ತು, ಮುಚ್ಚಿಡೋಕೆ ಏನೈತೆ?” ಐತೆ! ಕಥೆ ಗೊತ್ತು, ಆದರೆ ನಾವು ಹುಲಿಯನ್ನು ಹೇಗೆ ಹಾರಿಸುತ್ತೇವೆ ಅಂತ ಯಾರಿಗೂ ಗೊತ್ತಿಲ್ಲ. ನಮ್ಮಜ್ಜಿಗೆ ನೂರು ಸಲ ಕೇಳಿದ ಕಥೆ ಅದು, ಆದರೂ ದಿನಾ ಕೇಳುತ್ತದೆ, “ಹುಲಿ ಹೆಂಗೆ ಹಾರಿಸ್ತೀರವ್ವ?” ನಾನು ಹೇಳಿಲ್ಲ. ಟ್ರೇಲರ್ ಊರಿನವರ ಮೊಬೈಲಿಗೆಲ್ಲ ಹೋಗುತ್ತದೆ. ಹಾರುವುದನ್ನು ಮನೆಯಲ್ಲೇ ನೋಡಿಬಿಟ್ಟರೆ ಕೂಲಿ ಮುಗಿಸಿ ಸುಸ್ತಾಗಿ ಬಂದವರು ರಾತ್ರಿ ಶಾಲೆ ತನಕ ಯಾಕೆ ಬರುತ್ತಾರೆ? ಕಳೆದ ವರ್ಷ ಕಾರ್ಯಕ್ರಮ ಅರ್ಧ ಆಗುವಾಗಲೇ ಮುಂದಿನ ಸಾಲು ಖಾಲಿಯಾಗಿತ್ತು.

ಇನ್ನು ಶಬ್ದದ ವಿಷಯ. ಎಲ್ಲರಿಗೂ ಕೆ.ಜಿ.ಎಫ್. ತರ ಢಂ ಢಂ ಬೇಕು. 2021ರ ಜನವರಿಯಲ್ಲಿ ಬಂದ ಕೆ.ಜಿ.ಎಫ್. ಎರಡನೇ ಭಾಗದ ಟೀಸರನ್ನು ಸರಿಯಾಗಿ ನೋಡಿ. ಅಷ್ಟೊಂದು ಗುಂಡು ಹಾರಿಸಿದ ಮೇಲೆ ಕೆಂಪಗೆ ಕಾದ ಗನ್ನಿನಲ್ಲಿ ನಾಯಕ ಸಿಗರೇಟು ಹಚ್ಚುತ್ತಾನೆ. (ಸಿಗರೇಟು ಕೆಟ್ಟದ್ದು, ಅದನ್ನು ಬಿಡಿ.) ನಮ್ಮ ತರಗತಿಯಲ್ಲಿ ಎಲ್ಲರೂ ಹೇಳುವುದು ಗುಂಡಿನ ಸದ್ದಲ್ಲ, ಆಮೇಲಿನ ಆ ಗಳಿಗೆ. ನಮ್ಮ ಹತ್ತಿರ ಗನ್ನಿಲ್ಲ, ಹಸುವಿನ ಕೊರಳ ಗಂಟೆ ಇದೆ.

ಆದ್ದರಿಂದ ಟ್ರೇಲರ್ ಹೀಗಿರಲಿ. ಮೊದಲು ದನ ಮೇಯುವ ಬಯಲು. ಆಮೇಲೆ ಪೊದೆಯಲ್ಲಿ ಹುಲಿಯ ಬಾಲ ಮಾತ್ರ, ಎರಡೇ ಸೆಕೆಂಡು. ಜಾಸ್ತಿ ತೋರಿಸಿದರೆ ಅದು ಗೋಣಿಚೀಲದ್ದು ಅಂತ ಗೊತ್ತಾಗುತ್ತದೆ. ನಂತರ ಕರುವಿನ ಮುಖ. ಕೊನೆಗೆ ಪರದೆ ಪೂರ್ತಿ ಕಪ್ಪು, ಗಂಟೆಯ ಸದ್ದು ಮಾತ್ರ ದೂರದಿಂದ ಹತ್ತಿರ ಹತ್ತಿರ ಬರಬೇಕು. ತಕ್ಷಣ ನಿಲ್ಲಬೇಕು. ಅಲ್ಲಿ ತಾರೀಖು, ಸಮಯ.

ಶನಿವಾರ ಕೊನೆಯ ಪೀರಿಯಡ್ಡಿನಲ್ಲಿ ಕೈ ಎತ್ತಿಸುತ್ತಾರಂತೆ. ಹೆಣ್ಣುಮಕ್ಕಳೂ ಎತ್ತಿ.

– ಏಳನೇ ತರಗತಿ ವಿದ್ಯಾರ್ಥಿನಿ