ದುಡಿಮೆಗೂ ಒಂದು ಮಿತಿ ಬೇಡವೇ?

"ಕೈ ಕೆಸರಾದರೆ ಬಾಯಿ ಮೊಸರು" ಎಂಬ ಗಾದೆಯನ್ನು ಭಾಷಾ ಶಿಕ್ಷಕರಾದ ನಾವು ಪ್ರತಿ ವರ್ಷ ತಪ್ಪದೆ ಪಾಠ ಮಾಡುತ್ತೇವೆ. ವಿಸ್ತರಿಸಿ ಬರೆಯಲು ಹೇಳುತ್ತೇವೆ, ಅಂಕವನ್ನೂ ಕೊಡುತ್ತೇವೆ. ಆದರೆ ಕೆಸರಾದ ಕೈ ತೊಳೆದುಕೊಂಡು ಮೊಸರನ್ನ ಉಣ್ಣಲು ಹೊತ್ತೇ ಸಿಗದವರ ಗತಿ ಏನು ಎಂದು ಯಾವ ಪಠ್ಯಪುಸ್ತಕವೂ ಕೇಳಿದಂತಿಲ್ಲ.

ವಾಟರ್‌ಫರ್ಡ್‌ನ ನಮ್ಮ ಮಕ್ಕಳ ತಂದೆತಾಯಂದಿರಲ್ಲಿ ಆಸ್ಪತ್ರೆಯ ದಾದಿಯರಿದ್ದಾರೆ, ವೃದ್ಧರ ಆರೈಕೆ ಮಾಡುವವರಿದ್ದಾರೆ, ಔಷಧ ಕಾರ್ಖಾನೆಗಳಲ್ಲೂ ಕಂಪ್ಯೂಟರ್ ಮುಂದೆಯೂ ದುಡಿಯುವವರಿದ್ದಾರೆ. ಹನ್ನೆರಡು ಗಂಟೆಗೂ ಮೀರಿದ ಪಾಳಿ ಹಲವರಿಗೆ ಮಾಮೂಲು. ಡಿಸೆಂಬರಿನಲ್ಲಿ ಬೆಳಿಗ್ಗೆ ಎಂಟೂವರೆ ದಾಟಿ ಹುಟ್ಟಿ ಸಂಜೆ ನಾಲ್ಕೂಕಾಲರೊಳಗೆ ಮುಳುಗುವ ಇಲ್ಲಿನ ಸೂರ್ಯನನ್ನು ಇವರು ವಾರಗಟ್ಟಲೆ ನೋಡುವುದೇ ಇಲ್ಲವೆಂದರೆ ತಪ್ಪಾಗಲಾರದು.

ದಣಿವು ಬೇರೆ, ಬತ್ತಿಹೋಗುವುದು ಬೇರೆ. ಎರಡು ದಿನ ಚೆನ್ನಾಗಿ ನಿದ್ದೆ ಮಾಡಿದರೆ ಹೋಗುವುದು ದಣಿವು. ರಜೆ ಮುಗಿಸಿ ಬಂದ ಮೊದಲ ದಿನವೇ ಮತ್ತೆ ಹೆಗಲೇರುವುದು ಎರಡನೆಯದು. ಇಂಗ್ಲಿಷಿನಲ್ಲಿ ಇದನ್ನು ಬರ್ನ್‌ಔಟ್ ಎನ್ನುತ್ತಾರೆ. ಫ್ರಾಯ್ಡನ್‌ಬರ್ಗರ್ ಎಂಬ ಮನೋವಿಜ್ಞಾನಿ ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದವರನ್ನು ಕಂಡು 1974ರಲ್ಲಿ ಇದರ ಬಗ್ಗೆ ಬರೆದರು. ಅಲ್ಲಿ ಕುಸಿದವರು ಮೈಗಳ್ಳರಲ್ಲ, ಎಲ್ಲರಿಗಿಂತ ಹೆಚ್ಚು ಮನಸ್ಸಿಟ್ಟು ದುಡಿದವರು. ಇದು ಗಮನಿಸಬೇಕಾದ ಮಾತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದಕ್ಕೆ ಮೂರು ಗುರುತುಗಳನ್ನು ಹೇಳಿತು: ಶಕ್ತಿ ಪೂರ್ತಿ ಸೋರಿಹೋಗುವುದು, ಕೆಲಸದ ಬಗ್ಗೆ ಮನಸ್ಸು ದೂರವಾಗಿ ಕಹಿಯಾಗುವುದು, ಕೆಲಸ ಮಾಡುವ ಸಾಮರ್ಥ್ಯ ಕುಗ್ಗುವುದು. ಇದನ್ನು ಅದು ಕಾಯಿಲೆ ಎನ್ನಲಿಲ್ಲ, ಕೆಲಸದ ಸ್ಥಳದಲ್ಲಿ ನಿಭಾಯಿಸದೆ ಉಳಿದ ಒತ್ತಡದ ಫಲ ಎಂದಿತು.

ಮನೆಯಲ್ಲಿ ಇದು ಹೇಗೆ ಕಾಣುತ್ತದೆ? ಭಾನುವಾರ ಮಧ್ಯಾಹ್ನವೇ ಸೋಮವಾರದ ಸಂಕಟ ಶುರು. ಊರಿನಿಂದ ಅಮ್ಮನ ಫೋನ್ ಬಂದರೆ "ಆಮೇಲೆ ಮಾಡ್ತೀನಿ" ಎಂಬ ಉತ್ತರ. ಸಣ್ಣ ಮಾತಿಗೂ ಸಿಡುಕು, "ಏನು ಮಾಡಿದರೇನು ಬಿಡು" ಎಂಬ ಉದಾಸೀನ. ಮೊದಲು ಪತ್ತೆ ಹಚ್ಚುವವರು ಮಕ್ಕಳೇ. ಆದರೆ ಅಪ್ಪ ಅಮ್ಮನಿಗೆ ತಮ್ಮ ಮೇಲೇ ಕೋಪ ಎಂದು ತಿಳಿದು ಸುಮ್ಮನಾಗುತ್ತಾರೆ. ಮಕ್ಕಳೇ, ಅದು ನಿಮ್ಮ ತಪ್ಪಲ್ಲ. ಹೀಗೇ ಹಲವು ವಾರ ನಡೆದರೆ ದೊಡ್ಡವರು ಜಿ.ಪಿ. ಬಳಿ ಹೋಗುವುದು ಒಳ್ಳೆಯದು. ರಕ್ತಹೀನತೆ, ಥೈರಾಯ್ಡ್, ಖಿನ್ನತೆ ಸಹ ಇದೇ ವೇಷದಲ್ಲಿ ಬರುತ್ತವೆ.

ನಮ್ಮ ನಾಡಿನಲ್ಲಿ ಇದನ್ನು ಒಪ್ಪಿಕೊಳ್ಳುವುದೇ ಕಷ್ಟ. 2023ರಲ್ಲಿ ಇನ್ಫೋಸಿಸ್‌ನ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. ಮರುವರ್ಷ ಕರ್ನಾಟಕದಲ್ಲಿ ಐ.ಟಿ. ನೌಕರರ ದಿನದ ದುಡಿಮೆಯನ್ನು ಹೆಚ್ಚಿಸುವ ಪ್ರಸ್ತಾಪ ಬಂದು, ನೌಕರರ ಸಂಘ ಬಲವಾಗಿ ವಿರೋಧಿಸಿತು. ಇಂಥ ಮಾತಿಗೆಲ್ಲ ಶರಣರ ಕಾಯಕವನ್ನು ಬೆಂಬಲಕ್ಕೆ ಕರೆಯುವುದು ರೂಢಿ. ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಹೆಚ್ಚಾದದ್ದನ್ನು ವಾಪಸು ಸುರಿದು ಬರಲು ಕಳಿಸಿದ ಕಥೆ ಮಾತ್ರ ಆಗ ಯಾರಿಗೂ ನೆನಪಾಗುವುದಿಲ್ಲ!

ಧ್ಯಾನ, ಯೋಗ, ಪ್ರಾಣಾಯಾಮ ಎಲ್ಲವೂ ಒಳ್ಳೆಯವೇ. ಆದರೆ ಡ್ಯೂಟಿ ಪಟ್ಟಿಯನ್ನು ಪ್ರಾಣಾಯಾಮ ಬದಲಿಸದು. ಅದಕ್ಕೆ ಬಾಯಿ ಬಿಟ್ಟು ಕೇಳಬೇಕು. ಈ ದೇಶದ 1997ರ ಕಾನೂನಿನಂತೆ ವಾರದ ದುಡಿಮೆ ಸರಾಸರಿ 48 ಗಂಟೆ ಮೀರುವಂತಿಲ್ಲ. ಎರಡು ಪಾಳಿಗಳ ನಡುವೆ ಸಾಮಾನ್ಯವಾಗಿ 11 ಗಂಟೆ ಬಿಡುವು ಇರಬೇಕು. ಕೆಲಸದ ವೇಳೆ ಮುಗಿದ ಮೇಲೆ ಫೋನು, ಇ-ಮೇಲ್‌ಗಳಿಂದ ದೂರವಿರುವ ಹಕ್ಕಿನ ಬಗ್ಗೆ 2021ರಿಂದ ನೀತಿಸಂಹಿತೆಯೂ ಇದೆ. "ಪರ್ಮಿಟ್ ಅವರ ಕೈಯಲ್ಲಿದೆ, ಹೇಗೆ ಕೇಳುವುದು?" ಎಂಬ ಅಳುಕು ನಮ್ಮವರಲ್ಲಿ ಬಹಳ. ಅದು ಸುಳ್ಳು ಭಯವೇನಲ್ಲ. ಆದರೆ 2024ರ ಸೆಪ್ಟೆಂಬರಿನಿಂದ, ಒಂಬತ್ತು ತಿಂಗಳು ಕೆಲಸ ಮಾಡಿದ ಪರ್ಮಿಟ್‌ದಾರರಿಗೆ ಉದ್ಯೋಗದಾತರನ್ನು ಬದಲಿಸುವ ದಾರಿ ತೆರೆದಿದೆ. ಇದನ್ನು ತಿಳಿದಿರುವುದೇ ಅರ್ಧ ಧೈರ್ಯ. ಸರ್ಕಾರಿ ಆರೋಗ್ಯ ಸೇವೆಯಲ್ಲಿರುವವರಿಗೆ ಗುಟ್ಟು ಕಾಯುವ ಆಪ್ತಸಮಾಲೋಚನೆ ಉಚಿತವಾಗಿ ಸಿಗುತ್ತದೆ.

ಎಲ್ಲ ದೂರೂ ಕಚೇರಿಯ ಮೇಲೆಯೇ ಹೊರಿಸುವಂತಿಲ್ಲ. ಊರಿನ ಸೈಟು, ಇಲ್ಲಿನ ಮನೆ ಸಾಲ, ತಂಗಿಯ ಮದುವೆ ಎಂದು ರಜೆಯ ದಿನವೂ ಏಜೆನ್ಸಿ ಪಾಳಿ ಹಿಡಿಯುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಶನಿವಾರ ಕ್ರಿಕೆಟ್, ಭರತನಾಟ್ಯ, ಭಾನುವಾರ ನಮ್ಮದೇ ಕನ್ನಡ ತರಗತಿ, ಸಂಜೆ ಯಾರದೋ ಹುಟ್ಟುಹಬ್ಬ. ಇದರಲ್ಲಿ ಒಂದನ್ನು ಬಿಟ್ಟರೆ ಆಕಾಶವೇನೂ ಕಳಚಿ ಬೀಳದು. ಕನ್ನಡ ತರಗತಿಯನ್ನೇ ಬಿಡಿ ಎಂದು ನಾವು ಹೇಳುವುದಿಲ್ಲ, ಅಷ್ಟು ಉದಾರಿಗಳಲ್ಲ! ಆದರೆ ರಾತ್ರಿ ಪಾಳಿ ಮುಗಿಸಿ ಬಂದ ತಾಯಿ ಮಗುವನ್ನು ಒಂದು ವಾರ ಕಳಿಸದಿದ್ದರೆ ಕಾರಣ ಕೇಳಬಾರದೆಂದು ನಾವು ಶಿಕ್ಷಕರು ಮಾತಾಡಿಕೊಂಡಿದ್ದೇವೆ. ಡಂಗಾರ್ವನ್‌ವರೆಗೆ 46 ಕಿ.ಮೀ. ಉದ್ದದ ಗ್ರೀನ್‌ವೇ ನಮ್ಮೂರಿನಿಂದಲೇ ಹೊರಡುತ್ತದೆ. ಆ ದಿನ ಬಿಸಿಲಿದ್ದರೆ ಎರಡು ಮೈಲಿ ನಡೆದು ಬನ್ನಿ, ಮಳೆ ಬಂದರೆ ಮಲಗಿಬಿಡಿ. ಹೋಂವರ್ಕನ್ನು ಮುಂದಿನ ವಾರ ನೋಡಿಕೊಳ್ಳೋಣ.